ಅಂದಾನೆಪ್ಪನವರ ಕಾರಿನ ಕೆಂಪು ದೀಪ

ಕಾರಿನಲ್ಲಿ ಕೂತು ಕೀ ತಿರುವಿದಾಗ ಎದುರಿಗೆ ಹತ್ತುವ ದೀಪಗಳ ಬಗ್ಗೆ ನಮ್ಮ ಜನಕ್ಕಿರುವ ತಿಳಿವಳಿಕೆ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗುತ್ತಲದ ಒಬ್ಬ ಪುಣ್ಯಾತ್ಮ, ಹಳದಿ ದೀಪ ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಹನುಮಪ್ಪನ ಸ್ಟಿಕರು ಅಂಟಿಸಿಕೊಂಡು ಎರಡು ವರ್ಷ ಓಡಾಡಿದ. ಕರ್ಜಗಿಯ ಇನ್ನೊಬ್ಬ, ಕೆಂಪು ಆಯಿಲ್ ದೀಪ ಹತ್ತಿದ ಮೇಲೂ ಹನ್ನೊಂದು ಕಿಲೋಮೀಟರು ಗಾಡಿ ಹೊಡೆದುಕೊಂಡು ಹಾವೇರಿಗೆ, ನನ್ನ ಗ್ಯಾರೇಜಿನ ಬಾಗಿಲ ತನಕ ಬಂದ. ಯಾಕೆ ನಿಲ್ಲಿಸಲಿಲ್ಲವೆಂದು ಕೇಳಿದರೆ, "ದೀಪ ಉರಿಯಾಕತ್ತೈತಿ ಅಂದ್ರ ಆಯಿಲ್ ಐತಿ ಅಂತ ಅಲ್ಲೇನ್ರಿ?" ಎಂದ. ಎಣ್ಣೆ ಇದ್ದರೆ ತಾನೇ ದೀಪ ಉರಿಯುವುದು! ಅವನ ತಿಳಿವಳಿಕೆಯಲ್ಲಿ ತಪ್ಪು ಹುಡುಕಲು ನನಗೆ ಅರೆ ಗಳಿಗೆ ಬೇಕಾಯಿತು. ಎಂಜಿನ್ ಮಾತ್ರ ಗುಜರಿಗೆ ಹೋಯಿತು.

ಅದಕ್ಕೇ ಬಂದ ಗಿರಾಕಿಗಳಿಗೆಲ್ಲ ನಾನು ಪಾಠ ಹೇಳುತ್ತೇನೆ. ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಹಳದಿ ಹತ್ತಿದರೆ ಎರಡು ದಿನದಲ್ಲಿ ತೋರಿಸಿ. ಕೆಂಪು ಹತ್ತಿದರೆ ಇದ್ದಲ್ಲೇ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಆಯಿಲ್ ದೀಪವೆಂದರೆ ಎಣ್ಣೆ ಎಷ್ಟಿದೆ ಎಂದು ಹೇಳುವ ದೀಪವಲ್ಲ. ಎಣ್ಣೆ ಒತ್ತಡದಿಂದ ಮೇಲಕ್ಕೆ ಹತ್ತಿ ಎಂಜಿನ್ನಿನ ಒಳಗೆಲ್ಲ ಮುಟ್ಟುತ್ತಿದೆಯೋ ಇಲ್ಲವೋ ಎಂದು ಹೇಳುವುದು ಅದು. ಕೀ ತಿರುವಿದಾಗ ಹತ್ತಬೇಕು, ಎಂಜಿನ್ ಶುರುವಾದ ಎರಡು ಸೆಕೆಂಡಿನಲ್ಲಿ ಆರಬೇಕು. ಆಮೇಲೆ ಅದರ ಮುಖ ಕಾಣಲೇಬಾರದು. ಇಷ್ಟೇ ಪಾಠ, ಆದರೆ ತಲೆಗೆ ಹೋಗುವುದು ನೂರರಲ್ಲಿ ಒಬ್ಬರಿಗೆ.

ನನ್ನ ಹೆಸರು ಕಲ್ಲೇಶ. ಪಿ.ಬಿ. ರಸ್ತೆಯಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ಇಟ್ಟುಕೊಂಡಿದ್ದೇನೆ. ವಯಸ್ಸು ಐವತ್ಮೂರು. ಸಿಟ್ಟು ಮೂಗಿನ ತುದಿಯಲ್ಲಿಯೇ ಇರುತ್ತದೆಂದು ಜನ ಹೇಳುತ್ತಾರೆ, ಸುಳ್ಳಲ್ಲ. ಇಬ್ಬರು ತಂಗಿಯರ ಮದುವೆ ಮಾಡುವಷ್ಟರಲ್ಲಿ ನನ್ನ ಮದುವೆಯ ವಯಸ್ಸು ದಾಟಿತು. ಆಮೇಲೆ ಹೆಣ್ಣು ಕೊಡುತ್ತೇವೆಂದು ಬಂದ ಒಂದಿಬ್ಬರನ್ನು ನನ್ನ ಬಾಯಿಯೇ ಓಡಿಸಿತು. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೋವು. ಅವ್ವ ಇರುವ ತನಕ ಅದು ಮನೆಯಾಗಿತ್ತು. ಅವ್ವ ಹೋಗಿ ಐದು ವರ್ಷವಾಯಿತು.

ಮೊದಲು ಗ್ಯಾರೇಜಿನಲ್ಲಿ ಇಬ್ಬರಿದ್ದೆವು, ನಾನು ಮತ್ತು ಮಾಂತೇಶ. ಹದಿನೆಂಟು ವರ್ಷ ಜೊತೆಗೆ ದುಡಿದೆವು, ಒಂದೇ ಡಬ್ಬಿಯಲ್ಲಿ ಉಂಡೆವು. ಜಗಳವಾಗುತ್ತಿದ್ದದ್ದು ಒಂದೇ ವಿಷಯಕ್ಕೆ. ಯಾವುದಾದರೂ ದೀಪ ಹತ್ತಿ ಆರದಿದ್ದರೆ, ಕಾರಣ ಹುಡುಕಲು ಮಾಂತೇಶನಿಗೆ ತಾಳ್ಮೆ ಇರಲಿಲ್ಲ. "ತಂತಿ ಕಡದ ಒಗಿ ಮಾರಾಯಾ. ಗಿರಾಕಿನೂ ಖುಷ್, ನಾವೂ ಖುಷ್," ಎನ್ನುತ್ತಿದ್ದ. ನಮ್ಮ ಕಸುಬಿನಲ್ಲಿ ಇದು ಎಲ್ಲರೂ ಮಾಡುವ ಕೆಲಸ, ಮುಚ್ಚಿಡುವುದೇನಿದೆ. ನಾನು ಮಾತ್ರ ಮಾಡಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ದೀಪದ ತಂತಿಗೂ ನನ್ನ ಇಕ್ಕಳ ತಾಗಿರಲಿಲ್ಲ. ಆ ಒಂದು ವಿಷಯದಲ್ಲಿ ನನಗೆ ಸೊಕ್ಕಿತ್ತು. ಮೂರು ವರ್ಷದ ಹಿಂದೆ ಮಾಂತೇಶ ರಾಣೆಬೆನ್ನೂರಿನಲ್ಲಿ ತನ್ನದೇ ಗ್ಯಾರೇಜು ತೆರೆದು ಹೋದ. ಅಂದಿನಿಂದ ನಾನೊಬ್ಬನೇ. ಒಬ್ಬನೇ ಇರುವುದು ನನಗೆ ಒಗ್ಗುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಅಂದಾನೆಪ್ಪನವರು ಮೊದಲ ಸಲ ಬಂದದ್ದು ಎರಡು ವರ್ಷದ ಹಿಂದೆ, ದಸರೆ ಮುಗಿದ ವಾರ, ಬುಧವಾರ. ಬ್ಯಾಡಗಿಯ ಮೆಣಸಿನಕಾಯಿ ದಲಾಲರು. ವಯಸ್ಸು ಎಪ್ಪತ್ತರ ಆಸುಪಾಸು. ಬಿಳಿ ಧೋತರ, ಬಿಳಿ ಟೊಪ್ಪಿಗೆ. ಅವರು ಹತ್ತಿರ ಬಂದರೆ ನನಗೆ ಎರಡು ಸೀನು ಗ್ಯಾರಂಟಿ, ಬಟ್ಟೆಯಲ್ಲೆಲ್ಲ ಅಷ್ಟು ಮೆಣಸಿನಕಾಯಿ ಘಾಟು. ಕಾರು ಏಳು ಸೀಟಿನ ಹಳೆಯ ಡೀಸೆಲ್ ಗಾಡಿ, ಅದರ ಎಂಜಿನ್ ಬಿಚ್ಚಬಲ್ಲವರು ಈಗ ಜಿಲ್ಲೆಯಲ್ಲಿ ನಾಲ್ಕು ಜನವೂ ಇಲ್ಲ.

"ಮೋಟೆಬೆನ್ನೂರ ದಾಟಿದ ಮ್ಯಾಲೆ ಕೆಂಪು ದೀಪ ಹತ್ತಿತ್ರಿ, ಆಯಿಲ್‌ದು," ಎಂದರು. "ಲಗೂನ ಬಾಜೂಕ ನಿಂದ್ರಸಿದೆ. ನಿಂದ್ರಸೂದಕ್ಕ ಆರಿತು."

ಕೆಂಪು ಕಂಡ ಕೂಡಲೇ ಗಾಡಿ ನಿಲ್ಲಿಸಿದ ಮನುಷ್ಯ! ನನಗೆ ತಬ್ಬಿಕೊಳ್ಳಬೇಕೆನ್ನಿಸಿತು. ಎಂಜಿನ್ನಿಗೆ ತಿರುಪಿನಿಂದ ಕೂರಿಸಿರುವ ಸಣ್ಣ ಸ್ವಿಚ್ಚೊಂದು ಆ ದೀಪವನ್ನು ಹತ್ತಿಸುವುದು, ಆರಿಸುವುದು. ಅದನ್ನು ಬಿಚ್ಚಿ, ಅದರ ತಂತಿಯನ್ನು ಪಕ್ಕಕ್ಕೆ ಇಳಿಬಿಟ್ಟು, ಆ ತೂತಿಗೆ ನನ್ನ ಗೇಜು ಕೂರಿಸಿದೆ. ದೀಪಕ್ಕೆ ಹೌದು, ಇಲ್ಲ ಎರಡೇ ಮಾತು ಗೊತ್ತು. ಗೇಜಾದರೆ ಒತ್ತಡ ಎಷ್ಟಿದೆ ಎಂದು ಅಂಕಿಯಲ್ಲಿ ಹೇಳುತ್ತದೆ.

"ಎಂಜಿನ್ ಬಿಸಿ ಆಗೂತನಕ ನೋಡಬೇಕ್ರಿ. ಕುಂದ್ರಿ," ಎಂದೆ. ಅವರು ಕೂತರು.

ಎಂಜಿನ್ ಬಿಸಿಯಾಯಿತು. ಮುಳ್ಳು ಹದಿನೆಂಟಕ್ಕೆ ಇಳಿದು ನಿಂತಿತು, ಆಕ್ಸಿಲೇಟರ್ ಒತ್ತಿದರೆ ನಲವತ್ತೈದಕ್ಕೆ ಏರಿತು. ಆ ವಯಸ್ಸಿನ ಎಂಜಿನ್ನಿಗೆ ಇದಕ್ಕಿಂತ ಒಳ್ಳೆಯ ಒತ್ತಡ ಬೇಡುವುದು ದುರಾಸೆ. ಹಿಂದಿನ ಸೀಲಿನಿಂದ ಎಣ್ಣೆ ತುಸು ಜಿನುಗುತ್ತಿತ್ತು, ಅಷ್ಟೇ. ಕಡಿಮೆ ಬಿದ್ದ ಎಣ್ಣೆ ಹಾಕಿ, ಏನೂ ತೊಂದರೆ ಇಲ್ಲವೆಂದು ಹೇಳಿ ಕಳಿಸಿದೆ.

ಮುಂದಿನ ತಿಂಗಳು ಮತ್ತೆ ಬಂದರು, ಬುಧವಾರವೇ. ಬುಧವಾರ ಅವರ ಅಂಗಡಿಯಲ್ಲಿ ಕೆಲಸ ಕಡಿಮೆಯಂತೆ. ಅದೇ ದೀಪ, ಅದೇ ಮೋಟೆಬೆನ್ನೂರಿನ ಆಚೆ. ಮತ್ತೆ ಗೇಜು ಹಾಕಿದೆ, ಮತ್ತೆ ಹದಿನೆಂಟು, ನಲವತ್ತೈದು. ಸ್ವಿಚ್ಚು ಕೆಟ್ಟಿರಬೇಕೆಂದು ಹೊಸದು ಹಾಕಿದೆ. ಹದಿನೈದು ದಿನಕ್ಕೆ ಮತ್ತೆ ಹಾಜರು. ಬರುಬರುತ್ತ ಅವರು ತಪ್ಪಿಸಿದ ಬುಧವಾರವೇ ಕಡಿಮೆಯಾಯಿತು. ಹನ್ನೊಂದು ಗಂಟೆಗೆ ಬರುವುದು, ಎಂಜಿನ್ ಬಿಸಿಯಾಗುವ ತನಕ ಕೂರುವುದು, ಬಿಸಿಯಾದ ಮೇಲೂ ಒಂದು ತಾಸು ಕೂರುವುದು. ನಾನು ಬೇರೆ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರೂ ಅವರ ಮಾತು ನಡೆದೇ ಇರುತ್ತಿತ್ತು.

ಮಾತೆಂದರೆ ಎಲ್ಲ ನನ್ನ ವಿಚಾರವೇ. ಇವತ್ತು ಏನು ಅಡಿಗೆ? ರೊಟ್ಟಿ ಬಡಿಯಲು ಬರುತ್ತದೆಯೋ? ಕೆಮ್ಮಿಗೆ ಔಷಧ ತಗೊಂಡಿರೋ ಇಲ್ಲವೋ? ತಂಗಿಯರು ಯಾವಾಗ ಬಂದಿದ್ದರು? ನಾನು ಸಿಡುಕಿನಿಂದಲೇ ಉತ್ತರ ಕೊಡುತ್ತಿದ್ದೆ, ಆದರೂ ಕೊಡುತ್ತಿದ್ದೆ. ಎಷ್ಟೋ ಸಲ ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ತಂದು ಕೊಡುತ್ತಿದ್ದರು. ತಮ್ಮ ಮನೆಯ ಸುದ್ದಿ ಒಂದು ದಿನವೂ ಎತ್ತಲಿಲ್ಲ. ಎತ್ತದಿದ್ದುದರಿಂದ ನಾನೇ ಕಟ್ಟಿಕೊಂಡೆ: ಹೆಂಡತಿ ತೀರಿಕೊಂಡಿರಬೇಕು, ಮಕ್ಕಳು ಮಾತಾಡಿಸುವುದಿಲ್ಲ, ರೊಟ್ಟಿ ಯಾರಿಂದಲೋ ಕೊಂಡು ತರುತ್ತಾರೆ. ಪಾಪ, ಒಂಟಿ ಮುದುಕ. ಹೊತ್ತು ಹೋಗುವುದಿಲ್ಲ, ದೀಪದ ನೆವ ಮಾಡಿಕೊಂಡು ಬರುತ್ತಾನೆ.

ನೆವವೆಂದು ನನಗೆ ಖಾತ್ರಿಯಾಗಲು ಕಾರಣವಿತ್ತು. ಒಂದು ದಿನ ಬಿಡಿಸಿ ಬಿಡಿಸಿ ಕೇಳಿದೆ, ದೀಪ ಯಾವಾಗ ಹತ್ತುತ್ತದೆ ಎಂದು.

"ಜೋರ ಹೊಂಟಾಗ ಹತ್ತತೈತ್ರಿ. ರಸ್ತೆ ಕೆಟ್ಟ ಇದ್ದಲ್ಲೆ ಮಿಣ ಮಿಣ ಅಂತೈತಿ. ನಿಂತ ಕೂಡಲೆ ಆರತೈತಿ," ಎಂದರು.

ನಾನು ಒಳಗೊಳಗೇ ನಕ್ಕೆ. ಎಣ್ಣೆಯ ಒತ್ತಡ ಎಂಜಿನ್ ಜೋರಾಗಿ ತಿರುಗುವಾಗ ಏರುತ್ತದೆ, ನಿಂತಾಗ ಇಳಿಯುತ್ತದೆ. ದೀಪ ಹತ್ತುವುದಾದರೆ ನಿಂತಾಗ ಹತ್ತಬೇಕು, ಓಡುವಾಗ ಆರಬೇಕು. ಇವರು ಹೇಳುತ್ತಿದ್ದುದು ತಲೆಕೆಳಗು. ಸುಳ್ಳು ಹೇಳಲೂ ತಿಳಿಯದ ಮುದುಕ ಎಂದುಕೊಂಡೆ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಪ್ರತಿ ಸಲ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿ, ಜಿನುಗಿದಷ್ಟನ್ನು ನನ್ನ ಕ್ಯಾನಿನಿಂದ ತುಂಬಿ ಕಳಿಸುತ್ತಿದ್ದೆ. ತಿಂಗಳಿಗೆ ಅರ್ಧ ಲೀಟರು ಹೋಗುತ್ತಿತ್ತು. ಆ ಸಂಗತಿಯನ್ನು ಅವರಿಗೆ ಹೇಳುವ ಅಗತ್ಯವೂ ನನಗೆ ಕಾಣಲಿಲ್ಲ. ಹೇಗೂ ಬುಧವಾರ ಬರುತ್ತಾರಲ್ಲ.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಹೋದ ಡಿಸೆಂಬರಿನ ಒಂದು ಬುಧವಾರ ನನ್ನ ತಲೆ ಕೆಟ್ಟಿತ್ತು. ಬೆಳಿಗ್ಗೆ ಮೊಬೈಲಿನಲ್ಲಿ ಮಾಂತೇಶನ ಗ್ಯಾರೇಜಿನ ಎರಡನೇ ಶಾಖೆಯ ಆಮಂತ್ರಣ ಬಂದಿತ್ತು. ಊರವರಿಗೆಲ್ಲ ಒಟ್ಟಿಗೆ ಕಳಿಸಿದ್ದ ಮೆಸೇಜು, ನನಗೆಂದು ಬೇರೆ ಒಂದು ಅಕ್ಷರವಿಲ್ಲ. ಹದಿನೆಂಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವನು ನನ್ನನ್ನು ಆ ಗುಂಪಿನಲ್ಲಿ ಸೇರಿಸಿದ್ದ. ಆ ಹೊತ್ತಿಗೆ ಸರಿಯಾಗಿ ಅಂದಾನೆಪ್ಪನವರ ಕಾರು ಬಂದು ನಿಂತಿತು.

"ಕಲ್ಲೇಶಪ್ಪಾ, ಮತ್ತ ಅದ ದೀಪ..."

"ಗೊತ್ತಾತ್ರಿ," ಎಂದೆ. "ಇವತ್ತ ಖಾಯಂ ಬಂದೋಬಸ್ತ ಮಾಡಿ ಬಿಡ್ತೇನಿ."

ಬಾನೆಟ್ ತೆರೆಯಲಿಲ್ಲ, ಗೇಜು ತೆಗೆಯಲಿಲ್ಲ. ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಮೀಟರಿನ ಹಿಂದೆ ಕೈ ಹಾಕಿ, ಆಯಿಲ್ ದೀಪಕ್ಕೆ ಹೋಗುವ ತಂತಿಯನ್ನು ಹುಡುಕಿ ಇಕ್ಕಳದಿಂದ ಕಟ್ಟೆಂದು ಕತ್ತರಿಸಿದೆ. ಮೂವತ್ತು ವರ್ಷದ ಸೊಕ್ಕು ಮುರಿಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬಂದು ಕೈ ಒರೆಸಿಕೊಂಡೆ.

"ಆತ್ರಿ. ಇನ್ನ ನಿಮ್ಮ ಜಲ್ಮದಾಗ ಹತ್ತಂಗಿಲ್ಲ."

"ಬಿಸಿ ಆಗೂತನಕ ಕಾಯೂದ ಬ್ಯಾಡೇನ್ರಿ?"

"ಏನೂ ಬ್ಯಾಡ. ಹೋಗ್ರಿ ನೀವು."

ಆ 'ಹೋಗ್ರಿ' ಎನ್ನುವಾಗ ನನ್ನ ದನಿ ಹೇಗಿತ್ತೋ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು, ಕೈ ಮುಗಿದರು, "ಬಾಳ ಉಪಕಾರ ಆತು" ಎಂದು ಹೇಳಿ ಕಾರು ತಿರುಗಿಸಿಕೊಂಡು ಹೋದರು.

ಮುಂದಿನ ಬುಧವಾರ ಬರಲಿಲ್ಲ. ಪೀಡೆ ತೊಲಗಿತು ಎಂದುಕೊಂಡೆ. ಅದರ ಮುಂದಿನ ಬುಧವಾರವೂ ಬರಲಿಲ್ಲ. ಸಂಕ್ರಾಂತಿ ಕಳೆಯಿತು. ಬುಧವಾರ ಹನ್ನೊಂದು ಗಂಟೆಯ ಸುಮಾರಿಗೆ ರಸ್ತೆಯಲ್ಲಿ ಡೀಸೆಲ್ ಗಾಡಿಯ ಸದ್ದು ಕೇಳಿದರೆ ನನ್ನ ಕೈ ತಾನಾಗಿ ನಿಲ್ಲತೊಡಗಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಆ ಮುದುಕನ ದಾರಿ ಕಾಯುತ್ತಿದ್ದೆ. ಇಡೀ ವಾರದಲ್ಲಿ ನಾನು ಏನು ಉಂಡೆನೆಂದು ಕೇಳುವ ಮನುಷ್ಯ ಅವರೊಬ್ಬರೇ ಇದ್ದರು, ಅವರನ್ನು ನಾನೇ ಹೋಗಿ ಎಂದಿದ್ದೆ. ಗಿರಾಕಿಗಳು ಬರುತ್ತಿದ್ದರು, ಗಾಡಿಯ ಮಾತಾಡಿ ಹೋಗುತ್ತಿದ್ದರು. ಕೆಲವು ದಿನ ಸಂಜೆ ಶಟರ್ ಎಳೆಯುವಾಗ ನೆನೆಸಿಕೊಂಡರೆ, ಬೆಳಿಗ್ಗೆಯಿಂದ ಗಾಡಿಯ ಮಾತು ಬಿಟ್ಟು ಬೇರೊಂದು ಮಾತು ನನ್ನ ಬಾಯಿಂದ ಹೊರಟಿರುತ್ತಿರಲಿಲ್ಲ.

ಫೋನು ಮಾಡೋಣವೆಂದರೆ ನಂಬರಿರಲಿಲ್ಲ. ಬುಧವಾರ ತಪ್ಪದೆ ಬರುವವರ ನಂಬರು ಯಾಕೆ ಬೇಕೆಂದು ನಾನು ತಗೊಂಡೇ ಇರಲಿಲ್ಲ.

ಮಾರ್ಚಿನ ಮೊದಲ ವಾರ, ಎಂಜಿನ್ ಸೀಜ್ ಆದ ಬೇರೆ ಯಾರದೋ ಕಾರೊಂದು ಟೋ ಮಾಡಿಸಿಕೊಂಡು ನನ್ನ ಗ್ಯಾರೇಜಿಗೆ ಬಂತು. ಎಣ್ಣೆ ಪೂರ್ತಿ ಹೋಗಿ ಬೇರಿಂಗುಗಳು ಕರಗಿ ಶಾಫ್ಟಿಗೆ ಅಂಟಿಕೊಂಡಿದ್ದವು. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಎಂಜಿನ್ ಒಮ್ಮೆಗೇ ಹಿಡಿದುಕೊಂಡು, ಹಿಂದಿನ ಲಾರಿ ಬಂದು ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತಂತೆ. ಆ ಎಂಜಿನ್ ಬಿಚ್ಚುತ್ತಿದ್ದವನು ಸ್ಪ್ಯಾನರ್ ಕೆಳಗಿಟ್ಟು ಲೆಕ್ಕ ಹಾಕಿದೆ. ತಿಂಗಳಿಗೆ ಅರ್ಧ ಲೀಟರು. ಡಿಸೆಂಬರಿನಿಂದ ಮೂರು ತಿಂಗಳು. ಅಂದಾನೆಪ್ಪನವರ ಕಾರಿಗೆ ಈಗ ಎಣ್ಣೆ ಹಾಕುವವರಿಲ್ಲ, ಎಣ್ಣೆ ಇಳಿದು ಒತ್ತಡ ಬಿದ್ದರೆ ಹೇಳಲು ಒಂದು ದೀಪವಿತ್ತು, ಅದರ ತಂತಿಯನ್ನು ನಾನು ಕಡಿದಿದ್ದೇನೆ.

ಆದರೂ ಎರಡು ದಿನ ಹೋಗಲಿಲ್ಲ. ಹೋಗಿ ಏನು ಹೇಳುವುದು? ನೀವು ಬರಬಾರದೆಂದು ತಂತಿ ಕಡಿದೆ ಎಂದೇ? ಮೂರನೆಯ ದಿನ ಭಾನುವಾರ. ಬೆಳಿಗ್ಗೆ ಎದ್ದವನೇ ಬೈಕಿಗೆ ಎಣ್ಣೆಯ ಕ್ಯಾನು, ಟೂಲ್ಸ್ ಚೀಲ ಕಟ್ಟಿಕೊಂಡು ಬ್ಯಾಡಗಿಗೆ ಹೊರಟೆ. ಊರು ಮುಟ್ಟುವ ಮೊದಲೇ ಸೀನು ಶುರುವಾಯಿತು. ಮಾರುಕಟ್ಟೆಯ ಹತ್ತಿರ ಅಂದಾನೆಪ್ಪ ದಲಾಲರ ಮನೆ ಎಂದು ಕೇಳಿದರೆ, ಮೊದಲನೆಯವನೇ ದಾರಿ ತೋರಿಸಿದ.

ಒಂಟಿ ಮುದುಕನ ಮುಚ್ಚಿದ ಬಾಗಿಲನ್ನು ನೆನೆಸಿಕೊಂಡು ಹೋದವನಿಗೆ ಕಂಡದ್ದು ಜಾತ್ರೆಯಂಥ ಮನೆ. ಅಂಗಳದಲ್ಲಿ ಅದೇ ಕಾರು, ಅದರ ಸುತ್ತ ಹೆಂಗಸರು, ಮಕ್ಕಳು, ಕೆಲವರು ಆಗಲೇ ಹತ್ತಿ ಕೂತಿದ್ದರು. ಹಣ್ಣಿನ ಬುಟ್ಟಿ, ಉಂಡಿಯ ಡಬ್ಬಿ, ಹಸಿರು ಸೀರೆ ಇಟ್ಟ ತಾಟು ಒಂದೊಂದೇ ಕಾರಿನೊಳಗೆ ಏರುತ್ತಿದ್ದವು. ಹಲಗೇರಿಗೆ ಕೊಟ್ಟ ಮೊಮ್ಮಗಳು ಕಾವ್ಯಾ ಬಸುರಿ, ಅವಳ ಕುಬಸಕ್ಕೆ ಹೊರಟಿದ್ದರು. ಬ್ಯಾಡಗಿಯಿಂದ ಮೋಟೆಬೆನ್ನೂರು, ಅಲ್ಲಿಂದ ಹೆದ್ದಾರಿ ಹಿಡಿದು ರಾಣೆಬೆನ್ನೂರು, ಅದರಾಚೆ ಹಲಗೇರಿ. ಏಳು ಸೀಟಿನಲ್ಲಿ ಒಂಬತ್ತು ಜನ.

"ಕಲ್ಲೇಶಪ್ಪ! ಬರ್ರಿ, ಬರ್ರಿ!" ಅಂದಾನೆಪ್ಪನವರು ಕೀ ಹಿಡಿದುಕೊಂಡೇ ಬಂದರು. ಹಿಂತಿರುಗಿ ಕೂಗಿದರು, "ಶಾರದಾ, ಇಲ್ಲಿ ನೋಡು, ಹಾವೇರಿ ಕಲ್ಲೇಶಪ್ಪಾರು ಬಂದಾರ."

ಹಣೆತುಂಬ ವಿಭೂತಿ, ಕುಂಕುಮ ಇಟ್ಟುಕೊಂಡ ಅಜ್ಜಿಯೊಬ್ಬರು ಕಾರಿನ ಆಚೆಯಿಂದ ಬಂದರು. ಹೆಂಡತಿ. ನನ್ನ ತಲೆಯಲ್ಲಿ ನಾನು ಎಂದೋ ಸಾಯಿಸಿದ್ದ ಹೆಂಡತಿ. "ನೀವ ಏನ್ರಿ?" ಎಂದು ಶಾರದವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೆಮ್ಮ ಕಡಿಮಿ ಆತೇನ್ರಿ? ರೊಟ್ಟಿ ತೆಳ್ಳಗ ಬಡದ ಕಳಸ್ತಿದ್ದೆ, ಹಲ್ಲಿಗೆ ತ್ರಾಸ ಆಗಬಾರದಂತ."

ಅಂದಾನೆಪ್ಪನವರು ನನ್ನ ಭುಜ ಹಿಡಿದು ಮನೆಯವರಿಗೆಲ್ಲ ತೋರಿಸುತ್ತ ಹೇಳುತ್ತಿದ್ದರು. "ಎಂಥಾ ಕೈ ಗೊತ್ತೈತೇನ್ರಿ ಇವ್ರದು? ವರ್ಷಾನಗಟ್ಟಲೆ ಕಾಡಿದ ದೀಪ, ಅರ್ಧ ನಿಮಿಷದಾಗ ಬಂದ್ ಮಾಡಿದ್ರು. ಈಗ ಕೀ ತಿರುವಿದಾಗೂ ಹತ್ತಂಗಿಲ್ಲ, ಅಷ್ಟ ಚಂದ ಆಗೇತಿ!"

ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

"ಎಲ್ಲಾರ್ನೂ ಇಳಸ್ರಿ," ಎಂದೆ. "ಗಾಡಿ ಶುರು ಮಾಡಬ್ಯಾಡ್ರಿ."

ಬಾನೆಟ್ ತೆರೆದು ಕಡ್ಡಿ ಎಳೆದೆ. ಕಡ್ಡಿಯ ಮೇಲೆ ಎರಡು ಗೆರೆ ಇರುತ್ತವೆ, ಎಣ್ಣೆ ಅವುಗಳ ನಡುವೆ ಇರಬೇಕು. ಕೆಳಗಿನ ಗೆರೆಗೂ ಕೆಳಗೆ, ತುದಿಯಲ್ಲಿ ಒಂದು ಹನಿಯಷ್ಟು ಕಪ್ಪು ಅಂಟಿತ್ತು. ಒರೆಸಿ ಮತ್ತೆ ಹಾಕಿ ಎಳೆದೆ, ಮತ್ತೆ ಅಷ್ಟೇ. ಒಂಬತ್ತು ಜನರನ್ನು ಹೇರಿಕೊಂಡು ಈ ಬಿಸಿಲಿನಲ್ಲಿ ಹೆದ್ದಾರಿ ಹಿಡಿದಿದ್ದರೆ ರಾಣೆಬೆನ್ನೂರು ಮುಟ್ಟುತ್ತಿತ್ತೋ ಇಲ್ಲವೋ. ಆ ಟೋ ಆಗಿ ಬಂದ ಎಂಜಿನ್ನು, ಹಿಂದಿನ ಲಾರಿ ಎಲ್ಲ ಕಣ್ಣ ಮುಂದೆ ಬಂದವು. ಕ್ಯಾನು ಎತ್ತಿ ಸುರಿಯತೊಡಗಿದೆ. ಎರಡು ಲೀಟರಿಗೆ ತುಸು ಕಡಿಮೆ ಹಿಡಿಯಿತು. ಸುರಿಯುತ್ತ ಸುರಿಯುತ್ತಲೇ, ಅವರ ಮುಖ ನೋಡದೆ, ಹೇಳಿದೆ.

"ರಿಪೇರಿ ಮಾಡಿದ್ದಿಲ್ರಿ ನಾ. ದೀಪದ ತಂತಿ ಕಡದಿದ್ದೆ."



"ಯಾಕ್ರಿ?" ಎಂದರು ಅಂದಾನೆಪ್ಪನವರು. ಸಿಟ್ಟಿನ ದನಿಯಲ್ಲ, ತಿಳಿಯದೆ ಕೇಳಿದ ದನಿ.

"ನೀವು ಸುಳ್ಳ ಹೇಳಾಕತ್ತೀರಿ ಅಂತ ತಿಳಕೊಂಡೆ."

ನಾನು ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ ಕಡಿದ ತಂತಿಯ ಎರಡೂ ತುದಿ ಹುಡುಕಿ, ಸಿಪ್ಪೆ ಸುಲಿದು, ಹೆಣೆದು ಜೋಡಿಸಿದೆ. ಕೀ ತಿರುವಿದೆ. ಮೂರು ತಿಂಗಳ ಮೇಲೆ ಆ ಕೆಂಪು ದೀಪ ಹತ್ತಿತು. ಎಂಜಿನ್ ಶುರು ಮಾಡಿದೆ, ಆರಿತು. ಪಂಪು, ಬೇರಿಂಗು ಎಲ್ಲ ಉಳಿದಿವೆ. ಖಾತ್ರಿಗೆಂದು ಆಕ್ಸಿಲೇಟರನ್ನು ಜೋರಾಗಿ ಒತ್ತಿದೆ. ಎಂಜಿನ್ ತನ್ನ ಜಾಗದಲ್ಲೇ ಒಮ್ಮೆ ಅಲುಗಿತು. ದೀಪ ಮಿಣ್ಣೆಂದಿತು.

ಕಾಲು ತೆಗೆದೆ, ಆರಿತು. ಮತ್ತೆ ಒತ್ತಿದೆ, ಮಿಣ ಮಿಣ ಎಂದಿತು.

ನಾನು ಕೆಳಗಿಳಿದು ಬಾನೆಟ್ಟಿನೊಳಗೆ ಬಗ್ಗಿದೆ. ಸ್ವಿಚ್ಚಿನಿಂದ ಹೊರಟ ತಂತಿಯನ್ನು ಬೆರಳಲ್ಲಿ ಹಿಡಿದು ಅದು ಹೋದ ದಾರಿಯಲ್ಲೇ ಹೋದೆ. ಡೈನಮೋದ ಹಿಂದೆ, ಕಣ್ಣಿಗೆ ಕಾಣದ ಕಡೆ, ಕಬ್ಬಿಣದ ಪಟ್ಟಿಯೊಂದಕ್ಕೆ ಉಜ್ಜಿ ಉಜ್ಜಿ ತಂತಿಯ ಸಿಪ್ಪೆ ಹರಿದಿತ್ತು. ಒಳಗಿನ ತಾಮ್ರ ಬೆರಳಿಗೆ ಚುಚ್ಚಿತು. ಎಂಜಿನ್ ಅಲುಗಿದಾಗಲೆಲ್ಲ ಆ ತಾಮ್ರ ಕಬ್ಬಿಣಕ್ಕೆ ತಾಗುವುದು, ದೀಪ ಹತ್ತುವುದು. ಜೋರಾಗಿ ಹೋದಾಗ, ರಸ್ತೆ ಕೆಟ್ಟಿದ್ದಲ್ಲಿ. ನಿಂತ ಕೂಡಲೇ ಆರುವುದು. ಅವರು ಹೇಳಿದ್ದಂತೆಯೇ, ಅಕ್ಷರ ಅಕ್ಷರ. ಹದಿನಾಲ್ಕು ತಿಂಗಳೂ ನಾನು ಸ್ವಿಚ್ಚು ಬಿಚ್ಚಿ, ತಂತಿಯನ್ನು ಪಕ್ಕಕ್ಕೆ ಇಳಿಬಿಟ್ಟು, ಗೇಜು ಕೂರಿಸಿ ನೋಡಿದ್ದೆ. ರೋಗ ಇದ್ದದ್ದು ನಾನು ಪಕ್ಕಕ್ಕೆ ಇಳಿಬಿಟ್ಟ ಆ ತಂತಿಯಲ್ಲಿ.

ಅಂದಾನೆಪ್ಪನವರು ನನ್ನ ಪಕ್ಕ ಬಂದು ಬಗ್ಗಿ ನೋಡಿದರು. ಹರಿದ ತಂತಿ ತೋರಿಸಿದೆ.

"ನೀವು ಹೇಳಿದ್ದ ಖರೇ ಇತ್ರಿ," ಎಂದೆ.

"ಖರೇನ ಇತ್ತು. ಸುಳ್ಳ ಯಾಕ ಹೇಳ್ಲಿ ನಾ?"

"ಮನ್ಯಾಗ ನಿಮಗ ಯಾರೂ ಇಲ್ಲ, ದೀಪದ ನೆವ ಮಾಡಿ ಕುಂದ್ರಾಕ ಬರ್ತೀರಿ ಅಂತ ತಿಳದಿದ್ದೆ."

ಅವರು ಹಿಂತಿರುಗಿ ಅಂಗಳ ನೋಡಿದರು. ಶಾರದವ್ವ ಒಂದು ಮಗುವಿನ ಮೂಗು ಒರೆಸುತ್ತಿದ್ದರು. ಸೊಸೆಯರು ಬುಟ್ಟಿ ಹಿಡಿದುಕೊಂಡು ನೆರಳಿಗೆ ಸರಿದಿದ್ದರು. ಅಂದಾನೆಪ್ಪನವರಿಗೆ ನಗು ಬಂದಿತ್ತು, ಆದರೆ ನನ್ನ ಮುಖ ನೋಡಿ ನುಂಗಿಕೊಂಡರು. ಮನೆಯವರಿಗೆ ಕೇಳದಂತೆ ದನಿ ತಗ್ಗಿಸಿ ಹೇಳಿದರು.

"ದೀಪ ಹತ್ತತಿತ್ತು ಅಂತ ಬರ್ತಿದ್ದೆ, ಕಲ್ಲೇಶಪ್ಪ. ನೀವು ಒಬ್ಬರ ಇರ್ತೀರಲ್ಲ ಅಂತ ಕುಂದ್ರತಿದ್ದೆ."

ನಾನು ತಲೆ ಎತ್ತಲಿಲ್ಲ. ಎಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು, ಅದು ಒಳ್ಳೆಯದೇ ಆಯಿತು. ಇಷ್ಟು ದಿನ ಅವರನ್ನು ನೋಡಿ ನಾನು ಮರುಗುತ್ತಿದ್ದೇನೆಂದು ತಿಳಿದಿದ್ದೆ.

ಚೀಲದಿಂದ ಟೇಪು ತೆಗೆದೆ. ಆಗ ಒಂದು ಆಸೆ ಬಂತು, ಸುಳ್ಳು ಹೇಳುವುದಿಲ್ಲ. ಮೀಟರಿನ ಹಿಂದಿನ ಜೋಡಣೆ ಸರಿಯಾಗಿದೆ, ನಿಜವಾಗಿ ಒತ್ತಡ ಬಿದ್ದರೆ ದೀಪ ಹತ್ತಿಯೇ ಹತ್ತುತ್ತದೆ. ಈ ಹರಿದ ಜಾಗವನ್ನು ತುಸು ಸಡಿಲ ಬಿಟ್ಟರೆ ಎಂಜಿನ್ನಿಗೆ ಏನೂ ಆಗುವುದಿಲ್ಲ. ಕೆಟ್ಟ ರಸ್ತೆಯಲ್ಲಿ ಒಮ್ಮೊಮ್ಮೆ ಮಿಣ್ಣೆನ್ನುತ್ತದೆ, ಅಷ್ಟೇ. ತಿಂಗಳಿಗೆ ಒಂದು ಬುಧವಾರವಾದರೂ ಸಿಕ್ಕೀತು.

ತಂತಿಯನ್ನು ಪಟ್ಟಿಯಿಂದ ದೂರ ಎಳೆದು, ನಾಲ್ಕು ಸುತ್ತು ಬಿಗಿಯಾಗಿ ಟೇಪು ಸುತ್ತಿದೆ. ಮೇಲೆ ರಬ್ಬರಿನ ನಳಿಕೆ ತೊಡಿಸಿ ಕಟ್ಟಿದೆ. ಹಿಂದಿನ ಸೀಲು ಜಿನುಗುವ ಸಂಗತಿ ಹೇಳಿ, ಕ್ಯಾನಿನಲ್ಲಿ ಉಳಿದ ಎಣ್ಣೆಯನ್ನು ಅವರ ಕೈಗೆ ಕೊಟ್ಟು, ವಾರಕ್ಕೊಮ್ಮೆ ಕಡ್ಡಿ ಎಳೆದು ನೋಡುವುದನ್ನು ತೋರಿಸಿದೆ. ಎರಡು ಗೆರೆಗಳನ್ನು ಬೆರಳಿಟ್ಟು ತೋರಿಸಿದೆ. ಅವರು ಒಂದೇ ಸಲಕ್ಕೆ ಕಲಿತರು.

ಎಲ್ಲರೂ ಮತ್ತೆ ಹತ್ತಿ ಕೂತರು. ಕೀ ತಿರುವಿದಾಗ ದೀಪ ಹತ್ತಿತು, ಎಂಜಿನ್ ಶುರುವಾದಾಗ ಆರಿತು. ಅಂದಾನೆಪ್ಪನವರು ಮೂರು ಸಲ ಆಕ್ಸಿಲೇಟರ್ ಒತ್ತಿ ನೋಡಿದರು. ಮಿಣ್ಣೆನ್ನಲಿಲ್ಲ.

"ಛಲೋ ಆತ್ರಿ. ಇನ್ನ ನಿಮಗ ತ್ರಾಸ ಕೊಡಂಗಿಲ್ಲ," ಎಂದು ಕಿಟಕಿಯಿಂದ ಕೈ ಮುಗಿದರು.

"ತ್ರಾಸ ಇರಲಿಲ್ರಿ," ಎಂದೆ. ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಕಾರು ಓಣಿಯ ತಿರುವು ದಾಟುವ ತನಕ ನಾನು ಅಂಗಳದಲ್ಲೇ ನಿಂತಿದ್ದೆ. ಅವರು ಹಾವೇರಿಗೆ ಬರಲು ಇದ್ದ ಒಂದೇ ಕಾರಣವನ್ನು ನನ್ನ ಕೈಯಾರೆ ರಿಪೇರಿ ಮಾಡಿದ್ದೆ, ಮತ್ತು ಅದು ಒಳ್ಳೆಯ ರಿಪೇರಿಯಾಗಿತ್ತು.